ಟವೆಲ್ ದಪ್ಪವಾದಷ್ಟೂ ಒಳ್ಳೆಯದೇ?

ಪ್ರಶ್ನೆ: ಒಳ್ಳೆಯ ಹೋಟೆಲ್‌ಗಳಲ್ಲಿ ಕೊಡುವಂಥ ಟವೆಲ್ ಮನೆಗೂ ಬೇಕೆಂದು ಅಂಗಡಿಯಲ್ಲಿದ್ದವುಗಳಲ್ಲೇ ಅತಿ ದಪ್ಪವೂ ಮೆತ್ತಗೂ ಇದ್ದ ಟವೆಲ್‌ಗಳನ್ನು ಆರಿಸಿ ತಂದೆ. ಅವು ಮೈಮೇಲಿನ ನೀರನ್ನು ಸರಿಯಾಗಿ ಹೀರುವುದೇ ಇಲ್ಲ, ಒಣಗುವುದಕ್ಕೆ ಇಡೀ ದಿನ ಬೇಕು. ಹಾಗಾದರೆ ಹೋಟೆಲ್ ಟವೆಲ್‌ನ ಗುಣಮಟ್ಟ ಇರುವುದು ಯಾವುದರಲ್ಲಿ?

ಉತ್ತರ: ಹೊಸ ಟವೆಲ್ ಕೈಗೆ ಮೆತ್ತಗೆನಿಸುವುದಕ್ಕೆ ಹಲವು ಬಾರಿ ಹತ್ತಿಗಿಂತ ಹೆಚ್ಚಾಗಿ ಅದಕ್ಕೆ ಹಚ್ಚಿದ ಮೃದುಕಾರಕವೇ ಕಾರಣವಾಗಿರುತ್ತದೆ. ಕಾರ್ಖಾನೆಯಿಂದ ಹೊರಡುವ ಮೊದಲು ಬಟ್ಟೆಗೆ ಸಿಲಿಕೋನ್‌ನಂಥ ಪದಾರ್ಥಗಳನ್ನು ಲೇಪಿಸುವುದು ವಾಡಿಕೆ. ಆ ತೆಳುಪದರ ನೂಲನ್ನು ನುಣುಪಾಗಿಸುವುದರ ಜೊತೆಗೆ ನೀರು ಒಳಗಿಳಿಯದಂತೆಯೂ ತಡೆಯುತ್ತದೆ. ಹಾಗಾಗಿ ಅಂಗಡಿಯಲ್ಲಿ ಮುಟ್ಟಿ ನೋಡಿದಷ್ಟಕ್ಕೇ ಟವೆಲ್‌ನ ಯೋಗ್ಯತೆ ತಿಳಿಯದು. ಹೋಟೆಲ್‌ನ ಟವೆಲ್ ಮತ್ತೆ ಮತ್ತೆ ಬಿಸಿನೀರು, ಡಿಟರ್ಜೆಂಟ್, ಬ್ಲೀಚ್ ಮತ್ತು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ತಾಳಿಕೊಳ್ಳಬೇಕು. ಹತ್ತಾರು ಬಾರಿ ಒಗೆದ ಮೇಲೂ ನೀರನ್ನು ಚೆನ್ನಾಗಿ ಹೀರಿ, ಆಕಾರ ಕೆಡದೆ ಉಳಿಯುವುದೇ ಒಳ್ಳೆಯ ಹೋಟೆಲ್ ಟವೆಲ್ ಎಂಬುದು ನನ್ನ ಖಚಿತ ಅಭಿಪ್ರಾಯ.

ದಪ್ಪವನ್ನು ಅಳೆಯುವುದು ಜಿಎಸ್‌ಎಂ ಲೆಕ್ಕದಲ್ಲಿ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದರಲ್ಲಿ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. 70 ಸೆಂಟಿಮೀಟರ್ ಅಗಲ, 140 ಸೆಂಟಿಮೀಟರ್ ಉದ್ದದ ಟವೆಲ್‌ನ ವಿಸ್ತೀರ್ಣ 0.98 ಚದರ ಮೀಟರ್. ಚೆನ್ನಾಗಿ ಒಣಗಿದ ಅಂಥ ಟವೆಲನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟಾಗ 490 ಗ್ರಾಂ ತೂಗಿದರೆ ಅದು 500 ಜಿಎಸ್‌ಎಂ. ಮೈ ಒರೆಸುವ ಟವೆಲ್‌ಗೆ 450ರಿಂದ 600ರವರೆಗಿನ ತೂಕ ಧಾರಾಳವಾಗಿ ಸಾಕು. ಅದಕ್ಕಿಂತ ಹೆಚ್ಚಾದರೆ ಹೀರುವ ನೀರೇನೋ ಹೆಚ್ಚುತ್ತದೆ, ಆದರೆ ಆ ನೀರೆಲ್ಲ ಮತ್ತೆ ಆರಿಹೋಗಬೇಕಲ್ಲ? ಒಣಗದೆ ಉಳಿದ ತೇವದಿಂದಲೇ ಮುಗ್ಗಲು ವಾಸನೆ ಹುಟ್ಟುವುದು. ಯಂತ್ರದಲ್ಲಿ ಒಣಗಿಸುವ ಅನುಕೂಲವಿಲ್ಲದವರಿಗೆ 700 ಜಿಎಸ್‌ಎಂ ಟವೆಲ್ ಸುಖಕ್ಕಿಂತ ಹೊರೆಯೇ ಹೆಚ್ಚು. ಕಾಲೊರೆಸುವ ಮ್ಯಾಟ್‌ಗೆ ಮಾತ್ರ ಅಂಥ ತೂಕ ಒಪ್ಪುತ್ತದೆ.

ತೂಕ ಒಂದೇ ಆಗಿದ್ದರೂ ಎರಡು ಟವೆಲ್‌ಗಳ ನಡುವೆ ಅಜಗಜಾಂತರವಿರಬಹುದು, ಏಕೆಂದರೆ ಗುಣದ ಮೂಲವಿರುವುದು ನೂಲಿನಲ್ಲಿ. ಸಾಮಾನ್ಯ ಹತ್ತಿಯ ಎಳೆ ಸುಮಾರು 25ರಿಂದ 30 ಮಿಲಿಮೀಟರ್ ಉದ್ದವಿದ್ದರೆ, ಈಜಿಪ್ಟಿನ ಉತ್ತಮ ತಳಿಗಳು ಮತ್ತು ಪೀಮಾ ಹತ್ತಿಯ ಎಳೆ 35 ಮಿಲಿಮೀಟರ್ ಆಸುಪಾಸಿನಲ್ಲಿ ಅಥವಾ ಅದಕ್ಕೂ ಹೆಚ್ಚು ಉದ್ದವಿರುತ್ತದೆ. ಎಳೆ ಉದ್ದವಾದಷ್ಟೂ ನೂಲಿನಿಂದ ಹೊರಚಾಚುವ ತುದಿಗಳು ಕಡಿಮೆ. ತುದಿಗಳು ಕಡಿಮೆಯಾದಷ್ಟೂ ಒಗೆಯುವಾಗ ಉದುರುವ ಜುಂಗು ಕಡಿಮೆ. ನೂಲುವ ಮೊದಲು ಹತ್ತಿಯನ್ನು ಬಾಚಿ ಗಿಡ್ಡ ಎಳೆಗಳನ್ನು ತೆಗೆದುಹಾಕಿದರೆ ಇನ್ನೂ ಒಳ್ಳೆಯದು. ಆಮೇಲೆ ಬರುವುದು ಹುರಿಯ ವಿಚಾರ. ಬಿಗಿಯಾಗಿ ಹುರಿಗೊಳಿಸಿದ ನೂಲು ಗಟ್ಟಿಯಾಗಿದ್ದರೂ ಮೈಗೆ ಒರಟೆನಿಸುತ್ತದೆ, ನೀರನ್ನು ನಿಧಾನವಾಗಿ ಹೀರುತ್ತದೆ. ಸಡಿಲ ಹುರಿಯದು ತುಪ್ಪಳದಷ್ಟು ಮೃದು, ಆದರೆ ಬೇಗ ಸವೆಯುತ್ತದೆ. ಹೋಟೆಲ್‌ನ ಕಠಿಣ ಬಳಕೆಗೆ ಇವೆರಡರ ನಡುವಿನ ಹದವೇ ಸೂಕ್ತ. ಹತ್ತಿಯ ನಾರು ಒದ್ದೆಯಾದಾಗ ಒಣಗಿದ್ದಾಗಿನದಕ್ಕಿಂತ ಹೆಚ್ಚು ಗಟ್ಟಿಯಾಗುತ್ತದೆ ಎಂಬುದು ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿ. ಅಷ್ಟೊಂದು ಒಗೆತವನ್ನು ಅದು ತಾಳಿಕೊಳ್ಳುವುದರ ಒಂದು ಗುಟ್ಟು ಇದೇ.

ಇನ್ನು ನೇಯ್ಗೆ. ಟವೆಲ್‌ನಲ್ಲಿ ಹಾಸಿನ ನೂಲು, ಅಂದರೆ ಉದ್ದಕ್ಕೆ ಓಡುವ ನೂಲು, ಎರಡು ಬಗೆಯದು. ಒಂದು ಹೊಕ್ಕಿನೊಡನೆ, ಅಂದರೆ ಅಡ್ಡಕ್ಕೆ ಓಡುವ ನೂಲಿನೊಡನೆ, ಸೇರಿ ತಳದ ಬಟ್ಟೆಯಾಗುತ್ತದೆ, ಇನ್ನೊಂದು ಸಡಿಲವಾಗಿ ಮೇಲೆದ್ದು ಪುಟ್ಟ ಪುಟ್ಟ ಕುಣಿಕೆಗಳಾಗುತ್ತದೆ. ನೀರನ್ನು ಹೀರುವ ಕೆಲಸ ಬಹುಮಟ್ಟಿಗೆ ಈ ಕುಣಿಕೆಗಳದ್ದೇ. ಹೆನ್ರಿ ಕ್ರಿಸ್ಟಿ ಎಂಬ ಇಂಗ್ಲಿಷ್ ವ್ಯಾಪಾರಿ ತುರ್ಕಿಯಲ್ಲಿ ಇಂಥ ಕೈಮಗ್ಗದ ಬಟ್ಟೆಯನ್ನು ಕಂಡು ತನ್ನ ದೇಶಕ್ಕೆ ಒಯ್ದ ಮೇಲೆ ಅದು ಯಂತ್ರದ ಮಗ್ಗಕ್ಕೇರಿತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಜನ ಅದನ್ನು ನೋಡಿದರು. ಕುಣಿಕೆಗಳ ತಲೆ ಕತ್ತರಿಸಿ ಮಖಮಲ್ಲಿನಂತೆ ಮಾಡಿದ ಟವೆಲ್‌ಗಳು ನೋಡಲು ಚೆಂದ, ಆದರೆ ಆ ಬದಿ ನೀರನ್ನು ಅಷ್ಟು ಚೆನ್ನಾಗಿ ಹೀರುವುದಿಲ್ಲ. ಕೊಳ್ಳುವಾಗ ಟವೆಲನ್ನು ಮಡಚಿ, ಮಡಿಕೆಯ ಮೇಲೆ ಕುಣಿಕೆಗಳನ್ನು ಬೆರಳಿನಿಂದ ಬಿಡಿಸಿ ನೋಡಿ. ತಳದ ಬಟ್ಟೆ ಜಾಳುಜಾಳಾಗಿ ಕಂಡರೆ ಹೊಕ್ಕಿನ ನೂಲಿನಲ್ಲಿ ಉಳಿತಾಯ ಮಾಡಿದ್ದಾರೆಂದು ತಿಳಿಯಬಹುದು. ಅಂಥ ಟವೆಲ್‌ನ ಕುಣಿಕೆಗಳು ಸುಲಭವಾಗಿ ಕಿತ್ತುಬರುತ್ತವೆ.

ಟವೆಲ್ ಮೊದಲು ಹಾಳಾಗುವುದು ಸಾಮಾನ್ಯವಾಗಿ ಅಂಚಿನಲ್ಲಿ. ನಾಲ್ಕೂ ಬದಿಯ ಅಂಚನ್ನು ಎರಡು ಬಾರಿ ಮಡಚಿ ಒತ್ತೊತ್ತಾಗಿ ಹೊಲಿದಿರಬೇಕು, ಮೂಲೆಗಳಲ್ಲಿ ಹೊಲಿಗೆಯನ್ನು ಹಿಂದಕ್ಕೂ ಓಡಿಸಿ ಭದ್ರಪಡಿಸಿರಬೇಕು. ಎರಡೂ ತುದಿಯ ಬಳಿ ಅಲಂಕಾರಕ್ಕೆಂದು ನೇಯ್ದ ಚಪ್ಪಟೆ ಪಟ್ಟಿ ಉಳಿದ ಭಾಗಕ್ಕಿಂತ ಹೆಚ್ಚು ಕುಗ್ಗಿದರೆ ಟವೆಲ್ ಅಲ್ಲಿ ನೆರಿಗೆಗಟ್ಟುತ್ತದೆ, ಮಡಚಿಟ್ಟಾಗ ಒಪ್ಪವಾಗಿ ಕೂರುವುದಿಲ್ಲ.

ಬಣ್ಣದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬಿಳಿಯದನ್ನು ಬಿಸಿನೀರಿನಲ್ಲಿ ಬ್ಲೀಚ್ ಹಾಕಿ ಒಗೆದರೂ ಬಣ್ಣ ಮಾಸುವ ಭಯವಿಲ್ಲ, ಕಲೆ ಅಡಗಿಕೊಳ್ಳುವುದಕ್ಕೂ ಜಾಗವಿಲ್ಲ.

ನೀವು ತಂದಿರುವ ಟವೆಲ್‌ಗಳನ್ನು ಈಗಲೇ ತಿರಸ್ಕರಿಸಬೇಡಿ. ಫ್ಯಾಬ್ರಿಕ್ ಸಾಫ್ಟನರ್ ಹಾಕದೆ, ಸೋಪಿನ ಪ್ರಮಾಣವನ್ನೂ ಕಡಿಮೆ ಮಾಡಿ, ಬಿಸಿನೀರಿನಲ್ಲಿ ಮೂರು ನಾಲ್ಕು ಬಾರಿ ಒಗೆದು ಪೂರ್ತಿ ಒಣಗಿಸಿ. ಬಳಿಕ ಟವೆಲನ್ನು ಮೇಜಿನ ಮೇಲೆ ಹರಡಿ ಒಂದು ಹನಿ ನೀರು ಬಿಡಿ. ಹನಿ ಕೆಲವೇ ಕ್ಷಣಗಳಲ್ಲಿ ಇಂಗಿಹೋದರೆ ಲೇಪ ತೊಳೆದುಹೋಗಿದೆ, ಹತ್ತಿ ಚೆನ್ನಾಗಿದೆ ಎಂದರ್ಥ. ಮುತ್ತಿನಂತೆ ಗುಂಡಗೆ ನಿಂತರೆ ಇನ್ನೆರಡು ಬಾರಿ ಒಗೆದು ನೋಡಿ. ಆಗಲೂ ಇಂಗದಿದ್ದರೆ ಚೀಟಿಯಲ್ಲಿ ಪಾಲಿಯೆಸ್ಟರ್ ಎಷ್ಟಿದೆಯೆಂದು ಗಮನಿಸಿ. ಬಲಕ್ಕಾಗಿ ತಳದ ಬಟ್ಟೆಯಲ್ಲಿ ಸ್ವಲ್ಪ ಪಾಲಿಯೆಸ್ಟರ್ ಸೇರಿಸಿದ್ದರೆ ಆಕ್ಷೇಪವಿಲ್ಲ, ಕುಣಿಕೆಗಳು ಮಾತ್ರ ಪೂರ್ತಿ ಹತ್ತಿಯವೇ ಆಗಿರಬೇಕು. ಒಗೆಯುವಾಗ ಎಲ್ಲಾದರೂ ಒಂದು ಕುಣಿಕೆ ಉದ್ದಕ್ಕೆ ಎದ್ದುಬಂದರೆ ಅದನ್ನು ಎಳೆಯಬೇಡಿ, ಉಳಿದವುಗಳ ಮಟ್ಟಕ್ಕೆ ಕತ್ತರಿಯಿಂದ ಕತ್ತರಿಸಿ. ಎಳೆದರೆ ಇಡೀ ಸಾಲೇ ಬಿಚ್ಚಿಕೊಳ್ಳುತ್ತದೆ.