ಯಾವುದನ್ನು ಬಿಡುವಾಗ ಜೀವಕ್ಕೆ ಅಪಾಯ?

ಪ್ರಶ್ನೆ: ಮದ್ಯ, ಸಿಗರೇಟು, ಗಾಂಜಾ, ಹೆರಾಯಿನ್ – ಇವುಗಳಲ್ಲಿ ಯಾವುದನ್ನು ಬಿಡುವುದು ಹೆಚ್ಚು ಅಪಾಯಕಾರಿ?

ಮದ್ಯ. ಅದರ ಸಾಲಿನಲ್ಲೇ ಅಲ್‌ಪ್ರಜೋಲಾಂನಂಥ ನಿದ್ದೆ ಮಾತ್ರೆಗಳು. ಇಷ್ಟು ಹೇಳಿದ ಕೂಡಲೇ ‘ಹೆರಾಯಿನ್ ಅಲ್ಲವೇ?’ ಎಂಬ ಮರುಪ್ರಶ್ನೆ ಬರುವುದು ಖಾತ್ರಿ.

ಹೆರಾಯಿನ್ ಬಿಟ್ಟವರ ಪಾಡು ನೋಡಲಾಗದು, ನಿಜ. ಕೊನೆಯ ಡೋಸ್ ಆಗಿ 8–12 ಗಂಟೆಗೆ ಕಣ್ಣುಮೂಗಲ್ಲಿ ನೀರು, ಬಿಡದ ಆಕಳಿಕೆ, ಮೈಕೈ ನೋವು, ವಾಂತಿ, ಭೇದಿ. ಎರಡು ಮೂರನೇ ದಿನಕ್ಕೆ ವಿಪರೀತವಾಗಿ, ವಾರದ ಹೊತ್ತಿಗೆ ಇಳಿಯುತ್ತದೆ. ಮೈಯ ನೀರು ಬತ್ತದಂತೆ ನೋಡಿಕೊಂಡರೆ ಸಾವು ಅಪರೂಪ.

‘ಕುಡಿತವನ್ನು ಮನಸ್ಸು ಗಟ್ಟಿ ಮಾಡಿ ಒಂದೇ ಏಟಿಗೆ ಬಿಡಬೇಕು’ ಎಂಬ ಮಾತಿದೆಯಲ್ಲ, ಜೀವ ತೆಗೆಯುವುದು ಅದು. ಮದ್ಯ ಮಿದುಳನ್ನು ಮಂದಗೊಳಿಸುತ್ತದೆ. ವರ್ಷಗಟ್ಟಲೆ ದಿನವೂ ಕುಡಿದರೆ ಮಿದುಳು ಅದಕ್ಕೆ ಎದುರಾಗಿ ತನ್ನ ಉದ್ರೇಕವನ್ನು ಏರಿಸಿಕೊಂಡಿರುತ್ತದೆ. ಮದ್ಯ ಥಟ್ಟನೆ ನಿಂತರೆ ಉಳಿಯುವುದು ಆ ಉದ್ರೇಕ ಮಾತ್ರ. ಸುಮಾರು ಆರು ಗಂಟೆಯ ನಂತರ ಕೈನಡುಕ, ಬೆವರು, ಎದೆಬಡಿತ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಹಗಲೋ ರಾತ್ರಿಯೋ ತಿಳಿಯದು, ಹಾಸಿಗೆಯ ಮೇಲೆ ಇಲ್ಲದ ಹುಳುಗಳನ್ನು ಹೆಕ್ಕುತ್ತಾರೆ, ಜ್ವರ, ಬಿಪಿ ಏರುತ್ತವೆ. ಚಿಕಿತ್ಸೆ ಸಿಗದಿದ್ದರೆ ಸಾಯಲೂಬಹುದು. ಇದಕ್ಕೂ ಮನೋಬಲಕ್ಕೂ ಸಂಬಂಧವಿಲ್ಲ.

ಬೆಳಿಗ್ಗೆ ಕೈನಡುಕ ನಿಲ್ಲಿಸಲೆಂದೇ ಕುಡಿಯುವವರು, ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಸನ್ನಿ ಬಂದವರು ಮನೆಯಲ್ಲಿ ತಾವಾಗಿ ಬಿಡುವ ಸಾಹಸಕ್ಕೆ ಇಳಿಯಬಾರದು. ವೈದ್ಯರು ಮಿದುಳಿನ ಉದ್ರೇಕ ತಗ್ಗಿಸುವ ಡಯಾಜೆಪಾಂ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್ ಮಾತ್ರೆ ಕೊಟ್ಟು ಅದರ ಡೋಸನ್ನು ಕೆಲವು ದಿನಗಳಲ್ಲಿ ಇಳಿಸುತ್ತಾರೆ; ಯಕೃತ್ತು ಕೆಟ್ಟಿದ್ದರೆ ಲೊರಾಜೆಪಾಂ. ಜೊತೆಗೆ ಥಯಾಮಿನ್, ಅಂದರೆ ಬಿ1 ಇಂಜೆಕ್ಷನ್. ಗ್ಲೂಕೋಸ್ ಡ್ರಿಪ್ ಹಾಕುವುದಿದ್ದರೆ ಥಯಾಮಿನ್ ಅದಕ್ಕೆ ಮೊದಲೇ ಅಥವಾ ಜೊತೆಯಲ್ಲೇ ಹೋಗಬೇಕು. ಅಳಿದುಳಿದ ಬಿ1 ಕೂಡ ಗ್ಲೂಕೋಸಿಗೇ ಖರ್ಚಾದರೆ ಮಿದುಳಿಗೆ ಪೆಟ್ಟು. ತೂರಾಟ, ಗೊಂದಲ, ಕಣ್ಣುಗುಡ್ಡೆಗಳ ಅದುರಾಟ ಅದರ ಗುರುತು. ನೋಡಿದವರು ಅಮಲೆಂದೇ ತಿಳಿಯುತ್ತಾರೆ.

ನಿದ್ದೆ ಮಾತ್ರೆಯನ್ನೂ ವಾರ-ತಿಂಗಳುಗಳಲ್ಲಿ ಸ್ವಲ್ಪಸ್ವಲ್ಪವೇ ಇಳಿಸಬೇಕು. ನಿಕೋಟಿನ್ ಬಿಡುವುದು ಬಲು ಕಷ್ಟ, ಆದರೆ ಬಿಟ್ಟದ್ದರಿಂದ ಯಾರೂ ಸಾಯರು. ಎರಡು ಮೂರನೇ ದಿನದ ಸಿಡುಕು ತಿಂಗಳೊಳಗೆ ತಗ್ಗುತ್ತದೆ. ಗಾಂಜಾ ಬಿಟ್ಟರೆ ನಿದ್ದೆಗೇಡು, ಕೋಪ. ಕೊಕೇನ್ ಬಿಟ್ಟವರು ವಿಪರೀತ ಮಲಗುತ್ತಾರೆ, ಕುಗ್ಗುತ್ತಾರೆ. ಆತ್ಮಹತ್ಯೆಯ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ.

ಯಾರೂ ಕೇಳದ ಇನ್ನೊಂದು ಪ್ರಶ್ನೆ: ಹಾಗಾದರೆ ಹೆರಾಯಿನ್ ಯಾವಾಗ ಕೊಲ್ಲುತ್ತದೆ? ಬಿಟ್ಟ ಮೇಲೆ ಮತ್ತೆ ಹಿಡಿದಾಗ. ಕೆಲವೇ ವಾರಗಳಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ. ಹಳೆಯ ಡೋಸನ್ನೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಹೆರಾಯಿನ್ ಜಾತಿಯವೇ ಆದ ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಔಷಧಿಯನ್ನು ಅದರ ಬದಲಿಗೆ ದೀರ್ಘಕಾಲ ಕೊಡುವುದು ಇದಕ್ಕೇ. ಬ್ಯುಪ್ರೆನಾರ್ಫಿನ್ ಅನ್ನು ಮಾತ್ರ ಹೆರಾಯಿನ್ ಬಿಟ್ಟ ನರಳಾಟ ಶುರುವಾದ ಮೇಲೆಯೇ ಕೊಡುವುದು ವಾಡಿಕೆ. ಅವಸರಪಟ್ಟರೆ ಅದೇ ನರಳಾಟವನ್ನು ಒಮ್ಮೆಗೇ ತಂದಿಡುತ್ತದೆ. ಹೆರಾಯಿನ್ ಡೋಸ್ ಮಿತಿಮೀರಿದವರನ್ನು ಅದರ ಪ್ರತಿಮದ್ದಾದ ನಲೊಕ್ಸೋನ್ ಎಬ್ಬಿಸುತ್ತದೆ, ಆದರೆ ನಲೊಕ್ಸೋನ್‌ನ ಪರಿಣಾಮ 30–90 ನಿಮಿಷ ಅಷ್ಟೇ. ಎದ್ದು ಕೂತರೂ ಆಸ್ಪತ್ರೆಗೆ ಕರೆದೊಯ್ಯಿರಿ.