ಚಿಪ್ ಹೇಳುವುದು ಬರೀ ಒಂದು ನಂಬರ್

ನಾಯಿಗೆ ಮೈಕ್ರೋಚಿಪ್ ಹಾಕಿಸಿದರೆ ಅದು ಎಲ್ಲಿದೆ ಅಂತ ಮೊಬೈಲಲ್ಲೇ ನೋಡಬಹುದು ಎಂದು ತುಂಬಾ ಜನ ನಂಬಿದ್ದಾರೆ. ಅದು ಆಗುವುದಿಲ್ಲ. ದೀಪಾವಳಿ ಪಟಾಕಿಗೆ ಹೆದರಿ ಗೇಟ್ ಹಾರಿದ ನಾಯಿ ಯಾವ ಬೀದಿಯಲ್ಲಿದೆ ಎಂಬುದು ಚಿಪ್‌ಗೆ ಗೊತ್ತೇ ಇರುವುದಿಲ್ಲ. ಯಾರಾದರೂ ನಾಯಿಯನ್ನು ಹಿಡಿದು, ಅದರ ಮೈಮೇಲೆ ರೀಡರ್ (ಚಿಪ್ ಓದುವ ಕೈಯಂತ್ರ) ಆಡಿಸಿದಾಗ ಮಾತ್ರ ಚಿಪ್ ಬಾಯಿ ಬಿಡುತ್ತದೆ. ಆಗಲೂ ಹೇಳುವುದು 15 ಅಂಕಿಗಳ ಒಂದು ನಂಬರ್ ಅಷ್ಟೇ.

ಆದರೂ ಅದು ಕೆಲಸ ಮಾಡುವ ರೀತಿ ನಿಜಕ್ಕೂ ಸೊಗಸಾಗಿದೆ. ಅಳತೆಯಲ್ಲಿ ದೊಡ್ಡ ಅಕ್ಕಿಕಾಳಿನಷ್ಟು: ಸುಮಾರು 12 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪ. ಹೊರಗೆ ದೇಹಕ್ಕೆ ಒಗ್ಗುವ ಗಾಜು, ಒಳಗೆ ಚಿಪ್ ಮತ್ತು ತೆಳ್ಳನೆಯ ತಂತಿಯ ಸುರುಳಿ. ಬ್ಯಾಟರಿ ಇಲ್ಲ. ಕರೆಂಟ್ ಬರುವುದು ರೀಡರ್‌ನಿಂದ. ರೀಡರ್‌ನಲ್ಲೂ ಒಂದು ಸುರುಳಿ ಇರುತ್ತದೆ. ಅದರ ಸುತ್ತ ಸೆಕೆಂಡಿಗೆ 1,34,200 ಸಲ ಏರಿಳಿಯುವ ಕಾಂತಕ್ಷೇತ್ರ ಹುಟ್ಟುತ್ತದೆ. ಏರಿಳಿಯುವ ಕಾಂತಕ್ಷೇತ್ರದಲ್ಲಿ ಸುರುಳಿ ಇದ್ದರೆ ಅದರಲ್ಲಿ ಕರೆಂಟ್ ಹರಿಯುತ್ತದೆ ಎಂದು ವಿಜ್ಞಾನಿ ಮೈಕೆಲ್ ಫ್ಯಾರಡೆ 1831ರಲ್ಲೇ ಕಂಡುಕೊಂಡಿದ್ದರು. ಅಷ್ಟು ಕರೆಂಟಿಗೆ ಚಿಪ್ ಎಚ್ಚೆತ್ತು ತನ್ನ ನಂಬರ್ ಕಳಿಸುತ್ತದೆ. ದೂರ ಹೋದಂತೆ ಕಾಂತಕ್ಷೇತ್ರ ಬೇಗ ದುರ್ಬಲವಾಗುತ್ತದೆ. ಹಾಗಾಗಿ ರೀಡರನ್ನು ಮೈಗೆ ಹತ್ತಿರ ಹಿಡಿದು ನಿಧಾನವಾಗಿ ಆಡಿಸಬೇಕು. ಚಿಪ್ ಹಾಕುವುದು ಎರಡು ಭುಜಗಳ ನಡುವೆ, ಚರ್ಮದ ಕೆಳಗೆ. ಅದು ಕೆಲವೊಮ್ಮೆ ಜಾರಿ ಮುಂಗಾಲಿನ ಕಡೆಗೂ ಹೋಗುತ್ತದೆ. ಬರೀ ಬೆನ್ನ ಮೇಲೆ ನೋಡಿ 'ಚಿಪ್ ಇಲ್ಲ' ಅಂದುಬಿಡಬಾರದು.

ನಂಬರ್ ಸಿಕ್ಕಿತು, ಮುಂದೇನು? ಅದು ಯಾರದು ಎಂದು ಎಲ್ಲಾದರೂ ಬರೆದಿಟ್ಟಿರಬೇಕು ಅಲ್ವಾ? ಎಲ್ಲ ಎಡವಟ್ಟು ಆಗುವುದು ಇಲ್ಲೇ. ಅಮೆರಿಕದ ಪ್ರಾಣಿ ಆಶ್ರಯ ಕೇಂದ್ರಗಳಲ್ಲಿ ನಡೆಸಿದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅಲ್ಲಿಗೆ ಬಂದ ಅಲೆಮಾರಿ ನಾಯಿಗಳಲ್ಲಿ ಸುಮಾರು 22% ಮಾತ್ರ ಮನೆ ಸೇರಿದ್ದವು. ಚಿಪ್ ಇದ್ದವುಗಳಲ್ಲಿ 52%. ಚಿಪ್ ಇದ್ದೂ ಮಾಲೀಕರು ಸಿಗದೇ ಹೋದದ್ದಕ್ಕೆ ದೊಡ್ಡ ಕಾರಣ ತಪ್ಪಾದ ಅಥವಾ ಬಂದ್ ಆದ ಫೋನ್ ನಂಬರ್. ಸಿಮ್ ಬದಲಿಸಿದಾಗ ಬ್ಯಾಂಕಿಗೆ, ಗ್ಯಾಸ್ ಏಜೆನ್ಸಿಗೆ ತಿಳಿಸುತ್ತೇವೆ. ನಾಯಿಯ ಚಿಪ್ ನೋಂದಾಯಿಸಿದ ಕಡೆಗೂ ತಿಳಿಸಲೇಬೇಕು. ಹಾಕಿಸುವಾಗ 'ಇದು ಯಾರ ದಾಖಲೆಯಲ್ಲಿ, ಯಾವ ಹೆಸರಲ್ಲಿ ಇರುತ್ತದೆ?' ಅಂತ ಡಾಕ್ಟರನ್ನು ಕೇಳಿ.

ಇಷ್ಟಾದರೂ ಕೊರಳ ಬಿಲ್ಲೆಗೆ ಸಾಟಿಯಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದನ್ನು ಓದಲು ರೀಡರ್ ಬೇಡ. ಹಾಲಿನವನು, ಪಕ್ಕದ ಬೀದಿಯ ಹುಡುಗ, ಯಾರು ಬೇಕಾದರೂ ಓದಿ ಫೋನ್ ಮಾಡಬಹುದು. ನಾಯಿಯ ಹೆಸರಿಗಿಂತ ಫೋನ್ ನಂಬರ್ ದೊಡ್ಡದಾಗಿ ಕೆತ್ತಿಸಿ. ಬಿಲ್ಲೆ ಕಳಚಿ ಬಿದ್ದರೆ ಚಿಪ್ ಇದ್ದೇ ಇದೆ.

ನಾಡತಳಿ ನಾಯಿ ಸಾಕಿದವರು ಇನ್ನೂ ಹುಷಾರಾಗಿರಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಬೀದಿನಾಯಿಯ ಕಿವಿಯಲ್ಲಿ ಕಚ್ಚು ಮಾಡುತ್ತಾರೆ, ಮತ್ತೆ ಹಿಡಿಯದಿರಲಿ ಎಂದು. ಅಂಥ ನಾಯಿಯನ್ನು ನೀವು ಮನೆಗೆ ತಂದು ಸಾಕಿರಬಹುದು. ಅದು ಕಳೆದುಹೋಗಿ ಕೊರಳು ಬರಿದಾಗಿದ್ದರೆ, ನೋಡಿದವರಿಗೆ ಅದು ಆ ಬೀದಿಯದ್ದೇ. ಅದಕ್ಕೊಂದು ಮನೆಯಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಮೂಗಿನ ಗುರುತೂ ಒಂದಿದೆ. ನಾಯಿಯ ಮೂಗಿನ ಮೇಲಿನ ಗೆರೆಗಳ ವಿನ್ಯಾಸ ಒಂದೊಂದಕ್ಕೆ ಒಂದೊಂದು ಥರ. ತಳಿ ನಾಯಿಗಳನ್ನು ನೋಂದಾಯಿಸುವ ಕೆನಡಾದ ಕೆನಲ್ ಕ್ಲಬ್ 1938ರಿಂದಲೇ ಇದನ್ನು ಗುರುತಾಗಿ ಒಪ್ಪಿಕೊಂಡಿತ್ತು. ಈಗ ಮೊಬೈಲ್ ಕ್ಯಾಮೆರಾದಿಂದಲೂ ಇದನ್ನು ಗುರುತಿಸುವ ಪ್ರಯತ್ನಗಳಿವೆ. ಆದರೆ ಅಲ್ಲಾಡುವ ಒದ್ದೆ ಮೂಗಿನ ಸ್ಪಷ್ಟ ಫೋಟೋ ತೆಗೆಯುವುದು ಸುಲಭವಲ್ಲ.

ನಾಯಿಯ ಜೊತೆ ಯುರೋಪಿಗೆ ಹೊರಟವರು ಒಂದು ವಿಷಯ ನೆನಪಿಡಿ: ಮೊದಲು ಚಿಪ್, ಆಮೇಲೆ ರೇಬೀಸ್ ಲಸಿಕೆ. ಚಿಪ್‌ಗಿಂತ ಮೊದಲು ಹಾಕಿಸಿದ ಲಸಿಕೆಯನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಊರಲ್ಲೇ ಇರುವವರು ಪ್ರತಿ ವರ್ಷ ಲಸಿಕೆಗೆ ಹೋದಾಗ ಒಮ್ಮೆ ರೀಡರ್ ಆಡಿಸಲು ಹೇಳಿ. ಚಿಪ್ ಓದುತ್ತಿದೆಯಾ, ಎಲ್ಲಿಗೆ ಜಾರಿದೆ, ದಾಖಲೆಯಲ್ಲಿ ಇರುವುದು ನಿಮ್ಮ ಈಗಿನ ಫೋನ್ ನಂಬರೇನಾ ಎಂದು ನೋಡಿಕೊಂಡು ಬನ್ನಿ.