ಮೊದಲ ಪಿಕ್‌ಗೆ 3000, ಮೂವತ್ತಾರನೆಯದಕ್ಕೆ 502

2001ರಲ್ಲಿ ಫ್ರೀಮ್ಯಾಂಟಲ್ ಕ್ಲಬ್ಬು ಮೊದಲ 17 ಪಂದ್ಯಗಳನ್ನೂ ಸಾಲಾಗಿ ಸೋತಿತು. ಸೀಸನ್ ಮುಗಿಯುವಾಗ 22 ಪಂದ್ಯಗಳಲ್ಲಿ ಗೆದ್ದಿದ್ದು ಬರೀ ಎರಡು. ಪಟ್ಟಿಯಲ್ಲಿ ಕೊನೆಯ ಸ್ಥಾನ. ಆದರೆ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನಲ್ಲಿ, ಅಂದರೆ ಎಎಫ್‌ಎಲ್‌ನಲ್ಲಿ, ಹೀಗೆ ಹಿಂದೆ ಬಿದ್ದವರ ಕೈಗೆ ಒಂದು ದೊಡ್ಡ ಹಕ್ಕು ಬರುತ್ತದೆ. ಆ ವರ್ಷ ದೇಶದಲ್ಲಿರುವ ಹೊಸ ಹುಡುಗರಲ್ಲಿ ತನಗೆ ಬೇಕಾದವನನ್ನು ಎಲ್ಲರಿಗಿಂತ ಮೊದಲು ಆರಿಸಿಕೊಳ್ಳಬಹುದು. ಅದೇ ಒಂದನೇ ಪಿಕ್.

ಫ್ರೀಮ್ಯಾಂಟಲ್ ಆ ಹಕ್ಕನ್ನು ಬೇರೆಯವರಿಗೆ ಕೊಟ್ಟುಬಿಟ್ಟಿತು. 1, 20, 36, ಈ ಮೂರು ಪಿಕ್‌ಗಳನ್ನು ಮೆಲ್ಬರ್ನ್‌ನ ಹಾಥಾರ್ನ್ ಕ್ಲಬ್ಬಿಗೆ ಕೊಟ್ಟು, ಅಲ್ಲಿದ್ದ ಟ್ರೆಂಟ್ ಕ್ರೋಡ್ ಮತ್ತು ಲೂಕ್ ಮ್ಯಾಕ್‌ಫಾರ್ಲಿನ್ ಎಂಬ ಇಬ್ಬರು ಆಟಗಾರರನ್ನು ಕರೆತಂದಿತು. ಈ ವ್ಯಾಪಾರ ಲಾಭವೋ ನಷ್ಟವೋ? ಅಂಗಡಿಯಲ್ಲಿ ಅಕ್ಕಿ ಬೇಳೆಗೆ ಇರುವ ಹಾಗೆ ಇನ್ನೂ ಆಡದ ಹುಡುಗನಿಗೂ ಒಂದು ದರ ಹಾಕಲು ಬರುತ್ತದಾ? ಬರುತ್ತದೆ ಎಂದು ಲೀಗ್ ಹೇಳುತ್ತದೆ. ಆ ದರದ ಹಿಂದೆ ಒಂದು ಚೆಂದದ ಗಣಿತವಿದೆ. ಆ ಗಣಿತಕ್ಕೆ ಒಂದು ಮಿತಿಯೂ ಇದೆ.

ಮೊದಲು ಆಟದ ಬಗ್ಗೆ ಎರಡು ಮಾತು. ಅಲ್ಲಿಯವರು ಪ್ರೀತಿಯಿಂದ ಇದನ್ನು ಫೂಟಿ ಅನ್ನುತ್ತಾರೆ. ಮೊಟ್ಟೆಯಾಕಾರದ ಚೆಂಡು, ಮೊಟ್ಟೆಯಾಕಾರದ ಮೈದಾನ. ಬೇಸಿಗೆಯಲ್ಲಿ ಕ್ರಿಕೆಟ್ ಆಡುವ ಮೈದಾನದಲ್ಲೇ ಚಳಿಗಾಲದಲ್ಲಿ ಇದನ್ನು ಆಡುತ್ತಾರೆ. ಒಂದೊಂದು ಕಡೆ 18 ಜನ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಚೆಂಡು ಒದ್ದರೆ 6 ಪಾಯಿಂಟ್, ಪಕ್ಕದ ಕಂಬದ ಸಂದಿನಲ್ಲಿ ಹೋದರೆ 1. ಈಗ 18 ಕ್ಲಬ್‌ಗಳಿವೆ.

ಹೊಸ ಹುಡುಗರನ್ನು ಹೀಗೆ ಆರಿಸುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಈ ಪದ್ಧತಿ ಶುರುವಾಗಿದ್ದು 1986ರಲ್ಲಿ. ಇದು ನಮ್ಮ ಐಪಿಎಲ್ ಹರಾಜಿನ ಹಾಗಲ್ಲ. ಇಲ್ಲಿ ದುಡ್ಡು ಕೂಗುವುದಿಲ್ಲ, ಸರದಿ ಮೇಲೆ ಆರಿಸುತ್ತಾರೆ. ಕೊನೆಯ ಸ್ಥಾನದಲ್ಲಿದ್ದ ಕ್ಲಬ್ ಮೊದಲು, ಚಾಂಪಿಯನ್ ಕ್ಲಬ್ ಕೊನೆಗೆ. ಹಾಗೆ ಒಂದು ಸುತ್ತು ಮುಗಿದರೆ ಇನ್ನೊಂದು ಸುತ್ತು. ಸೋತವರು ಸೋಲುತ್ತಲೇ ಇರಬಾರದು, ಆಟ ನಾಲ್ಕು ಶ್ರೀಮಂತ ಕ್ಲಬ್‌ಗಳ ಸೊತ್ತಾಗಬಾರದು ಅನ್ನುವುದು ಉದ್ದೇಶ. ಬಹಳ ಒಳ್ಳೆಯ ಉದ್ದೇಶ.

ಪಿಕ್‌ಗೆ ಅಧಿಕೃತವಾಗಿ ದರ ಕಟ್ಟಿದ್ದು 2015ರಲ್ಲಿ. ಅದಕ್ಕೆ ಒಂದು ಕಾರಣವಿತ್ತು. ತಂದೆ ಆಡಿದ ಕ್ಲಬ್ಬಿಗೆ ಮಗನನ್ನು ಸೇರಿಸಿಕೊಳ್ಳುವ ಹಕ್ಕು ಈ ಆಟದಲ್ಲಿ ಹಿಂದಿನಿಂದಲೂ ಇದೆ. ಕೆಲವು ಕ್ಲಬ್‌ಗಳಿಗೆ ತಮ್ಮ ಅಕಾಡೆಮಿಯಲ್ಲಿ ಬೆಳೆದ ಹುಡುಗರ ಮೇಲೂ ಹಕ್ಕಿದೆ. 2014ರಲ್ಲಿ ಸಿಡ್ನಿ ಕ್ಲಬ್ ತನ್ನ ಅಕಾಡೆಮಿಯ ಐಸಾಕ್ ಹೀನಿ ಎಂಬ ಹುಡುಗನನ್ನು 18ನೇ ಪಿಕ್ ಕೊಟ್ಟು ಪಡೆಯಿತು. ಆ ವರ್ಷದ ಅತ್ಯುತ್ತಮ ಮೂರು ನಾಲ್ಕು ಹುಡುಗರಲ್ಲಿ ಒಬ್ಬ ಅಷ್ಟು ಅಗ್ಗಕ್ಕೆ ಸಿಕ್ಕಿದ್ದು ಉಳಿದವರಿಗೆ ಸರಿಬರಲಿಲ್ಲ. ಹಾಗಾಗಿ ಹೊಸ ನಿಯಮ ಬಂತು. ಬೇರೆ ಕ್ಲಬ್ ಅಂಥ ಹುಡುಗನನ್ನು ತನ್ನ 3ನೇ ಪಿಕ್‌ನಲ್ಲಿ ಆರಿಸಲು ಮುಂದಾದರೆ, ಸಿಡ್ನಿ ಅಷ್ಟೇ ಬೆಲೆಯ ಪಿಕ್‌ಗಳನ್ನು ಒಟ್ಟುಮಾಡಿ ಕೊಡಬೇಕು. ಮೊದಲ ಸುತ್ತಿನಲ್ಲಾದರೆ ಶೇಕಡ 20 ರಿಯಾಯಿತಿ. 2025ರಿಂದ ಅದು ಶೇಕಡ 10 ಆಗಿದೆ, ಸರದಿಯಲ್ಲಿ ಹಿಂದಿರುವ ಪಿಕ್‌ಗಳ ಪಾಯಿಂಟ್ ಕೂಡ ಇಳಿದಿದೆ. ನಾನಿಲ್ಲಿ ಹೇಳುತ್ತಿರುವುದು 2015ರ ಮೂಲ ಪಟ್ಟಿಯ ಲೆಕ್ಕ.

ಹಿಂದಿನ ವರ್ಷಗಳಲ್ಲಿ ಯಾವ ಪಿಕ್‌ನಿಂದ ಬಂದ ಆಟಗಾರ ಎಷ್ಟು ಸಂಬಳ ಪಡೆದ ಅನ್ನುವುದನ್ನು ಆಧಾರವಾಗಿ ಇಟ್ಟುಕೊಂಡು ಲೀಗ್ ಈ ಪಟ್ಟಿ ಮಾಡಿತು. ಒಂದನೇ ಪಿಕ್‌ಗೆ 3000 ಪಾಯಿಂಟ್. ಎರಡಕ್ಕೆ 2517, ಮೂರಕ್ಕೆ 2234, ನಾಲ್ಕಕ್ಕೆ 2034, ಐದಕ್ಕೆ 1878. ಹೀಗೇ ಇಳಿದು 73ನೇ ಪಿಕ್‌ಗೆ 9. ಅಲ್ಲಿಂದ ಮುಂದೆ ಸೊನ್ನೆ.

ಈ ಅಂಕಿಗಳನ್ನು ಸುಮ್ನೆ ಓದಿ ಮುಂದೆ ಹೋಗಬೇಡಿ. ಒಂದು ಕಾಗದ ತೆಗೆದುಕೊಂಡು ಕಳೆದು ನೋಡಿ. ಒಂದರಿಂದ ಎರಡಕ್ಕೆ ಇಳಿದಾಗ ಕಳೆದುಕೊಳ್ಳುವುದು 483. ಎರಡರಿಂದ ನಾಲ್ಕಕ್ಕೆ, 2517ರಿಂದ 2034, ಮತ್ತೆ 483. ಎಂಟನೇ ಪಿಕ್‌ನ ಬೆಲೆ 1551. ನಾಲ್ಕರಿಂದ ಎಂಟಕ್ಕೂ 483! ಅಂದರೆ ಸರದಿಯ ಸಂಖ್ಯೆ ಎರಡರಷ್ಟಾದಾಗಲೆಲ್ಲ ಅಷ್ಟೇ ಪಾಯಿಂಟ್ ಹೋಗುತ್ತದೆ. ಗಣಿತದಲ್ಲಿ ಇದಕ್ಕೆ ಲಾಗರಿದಮ್ ಅನ್ನುತ್ತಾರೆ. 37ನೇ ಪಿಕ್‌ನ ಬೆಲೆ ಎಷ್ಟು ಗೊತ್ತಾ? ಅದೂ 483. ಯಾಕೆಂದರೆ 37ರ ಎರಡರಷ್ಟು 74, ಅಲ್ಲಿಗೆ ಬೆಲೆ ಸೊನ್ನೆ. ಮೊದಲ ಹುಡುಗನಿಗೂ ಎರಡನೇ ಹುಡುಗನಿಗೂ ನಡುವೆ ಇರುವ ಅಂತರವೇ ಒಬ್ಬ ಇಡೀ 37ನೇ ಹುಡುಗನಷ್ಟು. ಆದರೆ 36ಕ್ಕೂ 37ಕ್ಕೂ ನಡುವೆ ಇರುವುದು 19 ಪಾಯಿಂಟ್ ಮಾತ್ರ.

ಇಂಥ ಇಳಿಜಾರು ಯಾಕೆ? ಒಂದು ದೊಡ್ಡ ಹೈಸ್ಕೂಲಿನ ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ದೀರಿ ಅಂದುಕೊಳ್ಳಿ. ಸಾಲಿನ ಮಧ್ಯೆ ಪಕ್ಕಪಕ್ಕದ ಇಬ್ಬರ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ. ಸಾಧಾರಣ ಎತ್ತರದವರು ಅಲ್ಲಿ ಗುಂಪಾಗಿ ತುಂಬಿರುತ್ತಾರೆ. ಆದರೆ ಸಾಲಿನ ತುದಿಗೆ ಬನ್ನಿ. ಎಲ್ಲರಿಗಿಂತ ಎತ್ತರದ ಹುಡುಗ ಪಕ್ಕದವನಿಗಿಂತ ಎದ್ದು ಕಾಣುತ್ತಾನೆ. ತುದಿಯಲ್ಲಿ ಜನ ಕಡಿಮೆ, ಅದಕ್ಕೇ ಅಂತರ ಜಾಸ್ತಿ. ತುದಿಗೆ ಹೋದ ಹಾಗೆ ಜನ ಒಂದೇ ಪ್ರಮಾಣದಲ್ಲಿ ಕಡಿಮೆಯಾಗುತ್ತಾ ಹೋದರೆ, ಮೊದಲ ಅಂತರಕ್ಕೆ ಹೋಲಿಸಿದರೆ ಎರಡನೆಯದು ಸುಮಾರು ಅರ್ಧ, ಮೂರನೆಯದು ಸುಮಾರು ಮೂರನೇ ಒಂದು ಭಾಗ ಆಗುತ್ತದೆ. ಲೀಗಿನ ಪಟ್ಟಿಯಲ್ಲಿ ಅಂತರಗಳು 483, 283, 200, 156. ಹತ್ತಿರ ಹತ್ತಿರ ಅದೇ ಆಕಾರ. ಪ್ರತಿಭೆ ಅನ್ನುವುದು ಜನರ ನಡುವೆ ಹೇಗೆ ಹರಡಿದೆ ಅನ್ನುವುದರ ನೆರಳು ಈ ದರಪಟ್ಟಿಯ ಮೇಲೆ ಬಿದ್ದಿದೆ. ನನಗೆ ಇದು ನಿಜಕ್ಕೂ ಬೆರಗು ಹುಟ್ಟಿಸುತ್ತದೆ.

ಆದರೆ ಎತ್ತರವನ್ನು ಟೇಪು ಹಿಡಿದು ಅಳೆಯಬಹುದು. ಹದಿನೇಳು ಹದಿನೆಂಟರ ಹುಡುಗ ಇಪ್ಪತ್ತೈದರಲ್ಲಿ ಹೇಗೆ ಆಡುತ್ತಾನೆ ಅನ್ನುವುದನ್ನು ಯಾವ ಟೇಪಿನಲ್ಲಿ ಅಳೆಯುವುದು? ಡ್ರಾಫ್ಟ್‌ಗೆ ಮುಂಚೆ ಹುಡುಗರನ್ನು ಓಡಿಸುತ್ತಾರೆ, ನೆಗೆಸುತ್ತಾರೆ, 20 ಮೀಟರ್ ಓಟಕ್ಕೆ ಸಮಯ ಹಿಡಿಯುತ್ತಾರೆ, ಡಾಕ್ಟರು ನೋಡುತ್ತಾರೆ, ಕ್ಲಬ್ಬಿನವರು ಕೂರಿಸಿಕೊಂಡು ಮಾತಾಡಿಸುತ್ತಾರೆ. ಇಷ್ಟೆಲ್ಲ ಮಾಡಿದರೂ ಕೈಗೆ ಸಿಗುವುದು ನಿಜವಾದ ಸಾಮರ್ಥ್ಯ ಮತ್ತು ಅದೃಷ್ಟ ಎರಡೂ ಬೆರೆತ ಒಂದು ಅಂದಾಜು. ಎಲ್ಲರಿಗಿಂತ ಮೇಲೆ ಕಂಡ ಹುಡುಗನಲ್ಲಿ ಸಾಮರ್ಥ್ಯವೂ ಇರುತ್ತದೆ, ಆ ವರ್ಷ ಎಲ್ಲ ಕೂಡಿಬಂದಿದ್ದೂ ಇರುತ್ತದೆ. ಮುಂದಿನ ವರ್ಷ ಸಾಮರ್ಥ್ಯ ಉಳಿಯುತ್ತದೆ, ಕೂಡಿಬಂದಿದ್ದು ಉಳಿಯುವ ಖಾತ್ರಿ ಇಲ್ಲ. ಜೊತೆಗೆ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪಿನಲ್ಲಿ ಆಡುತ್ತಾರೆ. ಬೆಳೆಯುವ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಸಣ್ಣ ವ್ಯತ್ಯಾಸ ಅಲ್ಲ.

2001ರ ಡ್ರಾಫ್ಟನ್ನೇ ನೋಡಿ. ಹಾಥಾರ್ನ್ ಒಂದನೇ ಪಿಕ್‌ನಲ್ಲಿ ಲೂಕ್ ಹಾಜ್ ಅವರನ್ನು ಆರಿಸಿತು. ಎರಡನೆಯದು ಲೂಕ್ ಬಾಲ್, ಸೇಂಟ್ ಕಿಲ್ಡಾಕ್ಕೆ. ಮೂರನೆಯದು ಕ್ರಿಸ್ ಜಡ್, ಫ್ರೀಮ್ಯಾಂಟಲ್ ಇರುವ ಪರ್ತ್ ನಗರದ್ದೇ ಆದ ವೆಸ್ಟ್ ಕೋಸ್ಟ್‌ಗೆ. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವುದು ಬ್ರೌನ್‌ಲೋ ಪದಕ. ಜಡ್ ಅದನ್ನು 2004ರಲ್ಲಿ ಮತ್ತು 2010ರಲ್ಲಿ ಗೆದ್ದರು. 8ನೇ ಪಿಕ್ ಜಿಮ್ಮಿ ಬಾರ್ಟೆಲ್, 2007ರಲ್ಲಿ ಗೆದ್ದರು. ಇಲ್ಲಿಯವರೆಗೆ ಪಟ್ಟಿ ಸರಿಯಾಗಿಯೇ ಇದೆ ಅನ್ನಿಸುತ್ತದೆ, ಅಲ್ವಾ? ಕೆಳಗೆ ಇಳಿಯಿರಿ. 40ನೇ ಪಿಕ್ ಗ್ಯಾರಿ ಏಬ್ಲೆಟ್ ಜೂನಿಯರ್, 2009 ಮತ್ತು 2013ರ ಪದಕ. (ತಂದೆ ಆಡಿದ ಜೀಲಾಂಗ್ ಕ್ಲಬ್ ಮಗನನ್ನು ಹಳೆಯ ನಿಯಮದಲ್ಲಿ ಪಡೆದದ್ದು ಇದು. ಹಾಗಾಗಿ ಇದು ಉಳಿದವರ ತಪ್ಪು ಅಂದಾಜಲ್ಲ.) 58ನೇ ಪಿಕ್ ಡೇನ್ ಸ್ವಾನ್, 2011ರ ಪದಕ. ಪಟ್ಟಿಯ ಪ್ರಕಾರ 58ಕ್ಕೆ ಇರುವ ಬೆಲೆ 170.

ಇನ್ನು ಫ್ರೀಮ್ಯಾಂಟಲ್ ಒಂದನೇ ಪಿಕ್ ಜೊತೆಗೆ ಸೇರಿಸಿ ಕೊಟ್ಟ ಆ 36ನೇ ಪಿಕ್. ಹಾಥಾರ್ನ್ ಅದರಲ್ಲಿ ತೆಗೆದುಕೊಂಡಿದ್ದು ಸ್ಯಾಮ್ ಮಿಚೆಲ್ ಎಂಬ ಹುಡುಗನನ್ನು. ಹಿಂದಿನ ವರ್ಷ ಎಲ್ಲ ಕ್ಲಬ್‌ಗಳೂ ಬೇಡ ಎಂದು ಬಿಟ್ಟಿದ್ದ ಹುಡುಗ. ಓಟ ನಿಧಾನ, ಎತ್ತರ ಸಾಲದು ಅನ್ನುವುದು ದೂರು. ಆದರೆ ಎಡಗಾಲು ಬಲಗಾಲು ಎರಡರಲ್ಲೂ ಒಂದೇ ಥರ ಒದೆಯುತ್ತಿದ್ದ. ಗುಂಪಿನ ಮಧ್ಯೆ ಚೆಂಡು ಎಲ್ಲಿ ಬೀಳುತ್ತದೆ ಅನ್ನುವುದು ಅವನಿಗೆ ಮೊದಲೇ ತಿಳಿಯುತ್ತಿತ್ತು. 20 ಮೀಟರ್ ಓಟದ ಗಡಿಯಾರ ಇದನ್ನು ಅಳೆಯುವುದಿಲ್ಲ. 2008ರಲ್ಲಿ ಹಾಥಾರ್ನ್ ಚಾಂಪಿಯನ್ ಆದಾಗ ಮಿಚೆಲ್ ಅವರೇ ನಾಯಕ. 2012ರ ಬ್ರೌನ್‌ಲೋ ಪದಕವೂ ಅವರ ಹೆಸರಿನಲ್ಲಿದೆ. ಈಗ ಅದೇ ಕ್ಲಬ್ಬಿಗೆ ಕೋಚ್. ನಡುವಿನ 20ನೇ ಪಿಕ್‌ನಲ್ಲಿ ಬಂದ ಹುಡುಗ ಮಾತ್ರ ನೆಲೆಯೂರಲಿಲ್ಲ. ಪಟ್ಟಿಯಲ್ಲಿ ಆ ಪಿಕ್‌ಗೆ 912, ಮಿಚೆಲ್ ಬಂದ ಪಿಕ್‌ಗೆ 502.

ಹಾಗಾದರೆ ಪಟ್ಟಿಯೇ ಸುಳ್ಳಾ? ಅಲ್ಲ. ಪಟ್ಟಿ ಹೇಳುವುದು ಸರಾಸರಿಯನ್ನು. 36ನೇ ಪಿಕ್‌ನಲ್ಲಿ ಬಂದವರೆಲ್ಲರನ್ನೂ ಒಟ್ಟು ಸೇರಿಸಿ ನೋಡಿದರೆ ಒಂದನೇ ಪಿಕ್‌ನವರಿಗಿಂತ ಅವರು ಬಹಳ ಹಿಂದೆ. ಆದರೆ ಕ್ಲಬ್ಬಿನ ಮನೆಗೆ ಸರಾಸರಿ ಬರುವುದಿಲ್ಲ. ಒಬ್ಬ ಹುಡುಗ ಬರುತ್ತಾನೆ.

ಮೆಲ್ಬರ್ನ್ ಕ್ಲಬ್ಬಿಗೆ ಇದು ಎಷ್ಟು ನೋವಿನಿಂದ ಅರ್ಥವಾಯಿತು ನೋಡಿ. 2009ರ ಡ್ರಾಫ್ಟ್‌ನಲ್ಲಿ ಅದಕ್ಕೆ ಒಂದು ಮತ್ತು ಎರಡು, ಎರಡೂ ಪಿಕ್ ಸಿಕ್ಕವು. ಟಾಮ್ ಸ್ಕಲ್ಲಿ, ಜ್ಯಾಕ್ ಟ್ರೆಂಗೋವ್. ಪಟ್ಟಿಯ ಲೆಕ್ಕದಲ್ಲಿ 5517 ಪಾಯಿಂಟ್‌ನ ಸಂಪತ್ತು. ಸ್ಕಲ್ಲಿ ಎರಡು ಸೀಸನ್ ಆಡಿ ಹೊಸ ಕ್ಲಬ್ಬೊಂದಕ್ಕೆ ಹೋದರು. ಟ್ರೆಂಗೋವ್ ಇಪ್ಪತ್ತನೇ ವಯಸ್ಸಿಗೇ ಜಂಟಿ ನಾಯಕರಾದರು, ಆಮೇಲೆ ಪಾದದ ಮೂಳೆಯ ಗಾಯ ಅವರ ಒಳ್ಳೆಯ ವರ್ಷಗಳನ್ನು ತಿಂದುಹಾಕಿತು. ಮೂರನೇ ಪಿಕ್‌ನಲ್ಲಿ ರಿಚ್ಮಂಡ್‌ಗೆ ಹೋದ ಡಸ್ಟಿನ್ ಮಾರ್ಟಿನ್ ಮೂರು ಗ್ರ್ಯಾಂಡ್ ಫೈನಲ್‌ಗಳಲ್ಲಿ ಅತ್ಯುತ್ತಮ ಆಟಗಾರ ಎನ್ನಿಸಿಕೊಂಡರು. ಮೆಲ್ಬರ್ನ್ 57 ವರ್ಷ ಕಾದು 2021ರಲ್ಲಿ ಚಾಂಪಿಯನ್ ಆಯಿತು. ಆಗ ಕಪ್ ಎತ್ತಿದ ನಾಯಕ ಮ್ಯಾಕ್ಸ್ ಗಾನ್. ಇವರನ್ನೂ ಕ್ಲಬ್ ಆರಿಸಿದ್ದು ಅದೇ 2009ರಲ್ಲೇ, 34ನೇ ಪಿಕ್‌ನಲ್ಲಿ. ಗಾನ್ ಎರಡು ಮೀಟರ್‌ಗಿಂತ ಎತ್ತರದ ರಕ್‌ಮನ್, ಅಂದರೆ ಅಂಪೈರ್ ಚೆಂಡನ್ನು ಮೇಲಕ್ಕೆ ಎಸೆದಾಗ ನೆಗೆದು ತಟ್ಟುವವನು. ಅಷ್ಟು ಎತ್ತರದ ಮೈ ಗಟ್ಟಿಯಾಗಲು ವರ್ಷಗಳೇ ಬೇಕು. ಹದಿನೇಳರಲ್ಲಿ ನೋಡಿ ಬೆಲೆ ಕಟ್ಟುವವರಿಗೆ ಇಂಥವರು ತಪ್ಪಿಹೋಗುವುದು ಸಹಜ.

ಬೆಲೆ ಕಟ್ಟುವುದರಲ್ಲೇ ಇನ್ನೊಂದು ತೊಡಕಿದೆ. ಸರದಿಯಲ್ಲಿ ಮುಂದಿರುವ ಪಿಕ್‌ನವರು ಹೆಚ್ಚು ಪಂದ್ಯ ಆಡುತ್ತಾರೆ, ಹೆಚ್ಚು ಸಂಬಳ ಪಡೆಯುತ್ತಾರೆ, ನಿಜ. ಆದರೆ ಚೆನ್ನಾಗಿ ಆಡುವುದರಿಂದಲೇ ಆಡಿಸುತ್ತಾರಾ, ಅಥವಾ ಅಷ್ಟು ಬೆಲೆ ತೆತ್ತಿದ್ದೇವಲ್ಲ ಎಂದು ಆಡಿಸುತ್ತಾರಾ? ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಿನ ಮೇಲೆ ಬ್ಯಾರಿ ಸ್ಟಾ ಮತ್ತು ಹಾ ಹೊವಾಂಗ್ ಎಂಬ ಸಂಶೋಧಕರು 1995ರಲ್ಲಿ ಇದನ್ನೇ ಪರೀಕ್ಷಿಸಿದರು. ಇಬ್ಬರ ಆಟ ಒಂದೇ ಮಟ್ಟದಲ್ಲಿದ್ದರೂ ಡ್ರಾಫ್ಟ್‌ನಲ್ಲಿ ಮುಂದೆ ಬಂದವನಿಗೆ ಹೆಚ್ಚು ಹೊತ್ತು ಆಡುವ ಅವಕಾಶ ಸಿಗುತ್ತಿತ್ತು. ಅಮೆರಿಕನ್ ಫುಟ್‌ಬಾಲ್ ಮೇಲೆ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಮಾಡಿದ ಅಧ್ಯಯನ ಇನ್ನೂ ಮುಂದೆ ಹೋಗುತ್ತದೆ. ಕ್ಲಬ್‌ಗಳು ಮೊದಲ ಪಿಕ್‌ಗಳಿಗೆ ಅವುಗಳ ಯೋಗ್ಯತೆಗಿಂತ ಜಾಸ್ತಿ ಬೆಲೆ ಕೊಡುತ್ತವೆ. ತಮ್ಮ ಕಣ್ಣಿನ ಮೇಲೆ ಅವಕ್ಕೆ ಅತಿಯಾದ ನಂಬಿಕೆ. ಫೂಟಿಯಲ್ಲೂ ಇದೇ ಮನುಷ್ಯರು, ಇದೇ ಮನಸ್ಸು. ನನ್ನನ್ನು ಕೇಳಿದರೆ, ಒಂದು ದೊಡ್ಡ ಪಿಕ್ ಹಿಡಿದು ಕೂರುವುದಕ್ಕಿಂತ ಅದೇ ಬೆಲೆಗೆ 8 ಮತ್ತು 9ನೇ ಪಿಕ್ ಎರಡೂ ಸಿಗುವುದಾದರೆ, ಬಹುತೇಕ ವರ್ಷಗಳಲ್ಲಿ ಎರಡನ್ನೇ ಆರಿಸುತ್ತೇನೆ. ಲೀಗಿನ ಪಟ್ಟಿಯಲ್ಲಿ ಅವೆರಡು ಸೇರಿದರೆ 3020.

ಈ ನಂಬರನ್ನು ಹೊರುವ ಹುಡುಗರ ಮಾತೂ ಇದೆ. 2013ರ ಮೊದಲ ಪಿಕ್ ಟಾಮ್ ಬಾಯ್ಡ್. 2016ರಲ್ಲಿ ವೆಸ್ಟರ್ನ್ ಬುಲ್‌ಡಾಗ್ಸ್ ಪರವಾಗಿ ಗ್ರ್ಯಾಂಡ್ ಫೈನಲ್ ಗೆದ್ದರು. 23ನೇ ವಯಸ್ಸಿಗೆ ಆಟವನ್ನೇ ಬಿಟ್ಟರು. ಮನಸ್ಸಿನ ಆರೋಗ್ಯದ ಬಗ್ಗೆ ಅವರು ಬಿಚ್ಚಿ ಮಾತಾಡಿದ್ದಾರೆ. 2014ರ ಮೊದಲ ಪಿಕ್ ಪ್ಯಾಡಿ ಮೆಕಾರ್ಟಿನ್ ಅವರ ತಲೆಗೆ ಮತ್ತೆ ಮತ್ತೆ ಪೆಟ್ಟು ಬಿತ್ತು. ಅವರ ಹೆಸರು ಬಂದಾಗೆಲ್ಲ ಎರಡನೇ ಪಿಕ್ ಕ್ರಿಶ್ಚಿಯನ್ ಪೆಟ್ರಾಕ್ಕಾ ಅವರ ಹೆಸರನ್ನು ಪಕ್ಕಕ್ಕಿಟ್ಟು ತೂಗುತ್ತಾರೆ. ನಂಬರನ್ನು ಹುಡುಗ ಕೇಳಿ ಪಡೆದಿದ್ದಲ್ಲ. ಆದರೆ ಅವನು ಮೈದಾನಕ್ಕೆ ಇಳಿದಾಗೆಲ್ಲ ಅದು ಅವನ ಹೆಸರಿನ ಜೊತೆಗೇ ಇಳಿಯುತ್ತದೆ.

ಫ್ರೀಮ್ಯಾಂಟಲ್ ವ್ಯಾಪಾರಕ್ಕೆ ವಾಪಸ್ ಬರೋಣ. 2015ರ ದರದಲ್ಲಿ ಲೆಕ್ಕ ಹಾಕಿದರೆ ಅದು ಕೊಟ್ಟಿದ್ದು 4414 ಪಾಯಿಂಟ್. ಕ್ರೋಡ್ ಎರಡೇ ಸೀಸನ್ ಇದ್ದು ಹಾಥಾರ್ನ್‌ಗೇ ಮರಳಿದರು. ಮ್ಯಾಕ್‌ಫಾರ್ಲಿನ್ ಮಾತ್ರ ಅಲ್ಲೇ ನಿಂತರು, 14 ಸೀಸನ್. 2013ರ ಸೆಪ್ಟೆಂಬರ್‌ನಲ್ಲಿ ಫ್ರೀಮ್ಯಾಂಟಲ್ ತನ್ನ ಇತಿಹಾಸದಲ್ಲೇ ಮೊದಲ ಸಲ ಗ್ರ್ಯಾಂಡ್ ಫೈನಲ್ ತಲುಪಿತು. ಮೆಲ್ಬರ್ನ್ ಕ್ರಿಕೆಟ್ ಮೈದಾನ, ಒಂದು ಲಕ್ಷ ಜನ. ಎದುರಾಳಿ ಹಾಥಾರ್ನ್. ಆ ಕಡೆ ನಾಯಕ ಹಾಜ್, ಅವರ ಪಕ್ಕದಲ್ಲಿ ಮಿಚೆಲ್. ಈ ಕಡೆ ಹಿಂಬದಿ ಕಾಯುತ್ತಾ ಮ್ಯಾಕ್‌ಫಾರ್ಲಿನ್. ಹಾಥಾರ್ನ್ 77, ಫ್ರೀಮ್ಯಾಂಟಲ್ 62.